ನೀಲಿ ಟೈಲಿಗೊಂದು ದೃಷ್ಟಿಬೊಟ್ಟು

ಅಮೆರಿಕದ ಟೋಟೆಮ್ ಲೇಕ್ ಎಂಬಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಹಾಲೆಂಡಿನವರು. ಅವರ ಅಡುಗೆಮನೆಯ ಗೋಡೆ ತುಂಬ ಬಿಳಿಯ ಮೇಲೆ ನೀಲಿ ಚಿತ್ರದ ತಟ್ಟೆಗಳು: ಗಾಳಿಯಂತ್ರ, ಕಾಲುವೆ, ದೋಣಿ. ಚೀನಾದ ಪಿಂಗಾಣಿಗೆ ಮನಸೋತು ನಮ್ಮವರು ಕದ್ದ ಬಣ್ಣವಿದು ಎಂದು ಅವರೇ ನಗುತ್ತಿದ್ದರು. ನನಗೆ ಹೆರಿಗೆ ನೋವು ಬಂದಾಗ ಗಂಡ ರೆಡ್ಮಂಡಿನ ಆಫೀಸಿನಿಂದ ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದವರು ಈ ಅಜ್ಜಿಯೇ. ದಾರಿಯುದ್ದಕ್ಕೂ ಸಿಕ್ಕ ಸಿಕ್ಕ ಸಿಗ್ನಲ್ಲಿಗೆಲ್ಲ ಬೈದರು.

ಮಗಳಿಗೆ ತಿಂಗಳು ತುಂಬಿದಾಗ ಅವರೊಂದು ನೀಲಿ ಟೈಲ್ ತಂದುಕೊಟ್ಟರು. ತಮ್ಮ ದೇಶದಲ್ಲಿ ಹೇಳಿ ಬರೆಸಿದ್ದು. ನಡುವೆ ತೊಟ್ಟಿಲು, ಸುತ್ತ ಮಗುವಿನ ಹೆಸರು, ಹುಟ್ಟಿದ ದಿನ, ಹೊತ್ತು, ತೂಕ. ಮಗು ಹುಟ್ಟಿದರೆ ಇಂಥದ್ದನ್ನು ಗೋಡೆಗೆ ಹಾಕುವುದು ಅವರಲ್ಲಿ ರೂಢಿಯಂತೆ.

ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವನ ಮುಖ ಸಣ್ಣದಾಯಿತು. ಅಜ್ಜಿ ಅತ್ತ ಹೋಗುತ್ತಲೇ ಅವ್ವ ಶುರುಮಾಡಿದಳು.

"ಹುಟ್ಟಿದ ಹೊತ್ತು, ತೂಕ ಎಲ್ಲಾ ಗ್ವಾಡಿ ಮ್ಯಾಲೆ ಬರದು ಹಾಕಿದ್ರ ಕೂಸಿಗೆ ದೃಷ್ಟಿ ಆಗೂದಿಲ್ಲೇನು?"

ಟೈಲ್ ಅವಳ ಸೀರೆಗಳ ಕೆಳಗೆ ಸೂಟ್‌ಕೇಸ್ ಸೇರಿತು. ಮಗು ಹುಟ್ಟುವಾಗ ತೀರಾ ಸಣ್ಣದಿತ್ತು. ಅವ್ವನ ಹೆದರಿಕೆಯನ್ನು ತಳ್ಳಿಹಾಕಲು ನನಗೂ ಮನಸ್ಸಾಗಲಿಲ್ಲ.

ಅಜ್ಜಿ ಬಂದಾಗಲೆಲ್ಲ ಖಾಲಿ ಗೋಡೆ ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಅದೇ ನನ್ನನ್ನು ಕೊರೆಯಿತು. ಅವ್ವ ಊರಿಗೆ ಮರಳಿದರೆ ಇಲ್ಲಿ ನನ್ನವರು ಎನ್ನಲು ಅವರೊಬ್ಬರೇ ಇದ್ದರು. ಅವರ ಮನಸ್ಸು ಮುರಿಯುತ್ತಿದೆಯಲ್ಲ ಎಂದು ಅವ್ವನ ಮುಂದೆ ಅತ್ತೇಬಿಟ್ಟೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಟೈಲ್ ಗೋಡೆಯ ಮೇಲಿತ್ತು. ತೂಕದ ಪಕ್ಕದಲ್ಲೇ ಕಾಡಿಗೆಯ ದಪ್ಪ ಬೊಟ್ಟು.

ಅಂದು ಬಂದ ಅಜ್ಜಿ ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ಕಪ್ಪು ಕಲೆ ಕಂಡು, ಟಿಶ್ಯೂ ತೆಗೆದು ಒರೆಸಲು ಹೋದರು. ಅವ್ವ ಓಡಿಬಂದು ಅವರ ಕೈ ಹಿಡಿದಳು. ಮಗುವಿನ ಕೆನ್ನೆಯ ಬೊಟ್ಟು ತೋರಿಸಿದಳು, ಆಮೇಲೆ ಟೈಲಿನದು. ನಾನು ಇಂಗ್ಲಿಷಿನಲ್ಲಿ ವಿವರಿಸಿ ಮುಗಿಸುವಷ್ಟರಲ್ಲಿ ಇಬ್ಬರೂ ನಗುತ್ತಿದ್ದರು.

ಮರುವರ್ಷ ಅಜ್ಜಿಗೆ ಮೊಮ್ಮಗ ಹುಟ್ಟಿದ. ನೋಡಲು ಹೋದರೆ ಅವನ ಟೈಲ್ ಆಗಲೇ ಗೋಡೆಯಲ್ಲಿತ್ತು. ತೂಕದ ಪಕ್ಕದಲ್ಲೊಂದು ನೀಲಿ ಬೊಟ್ಟು, ಹೇಳಿ ಹಾಕಿಸಿದ್ದು. ನನಗೆ ಕಣ್ಣು ತುಂಬಿತು. ಧಾರವಾಡದಲ್ಲಿದ್ದ ಅವ್ವನಿಗೆ ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ನೀಲಿ ಬೊಟ್ಟು ಏನೂ ತಡ್ಯಂಗಿಲ್ಲ ಅಂತ ಹೇಳವಾ, ಕರೀದೇ ಬೇಕು. ನನ್ನ ಕಾಡಿಗಿ ಡಬ್ಬಿ ನಿನ್ನ ಮನ್ಯಾಗ ಅದ, ಒಯ್ದು ಕೊಡು."