ಹಿಮದಲ್ಲೂ ಆರದ ಎಂಜಿನ್

ಮರುಭೂಮಿ ನಾಡಿನ ಜೆಬೆಲ್ ಜೈಸ್ ಬೆಟ್ಟದ ತಿರುವುಗಳಲ್ಲೆಲ್ಲ ಅಪರೂಪಕ್ಕೆ ತೆಳ್ಳಗೆ ಹಿಮ ಕೂತಿತ್ತು. ಮೇಲಿನ ಬಂಡೆಯಲ್ಲಿ, ಯಾರದೋ ಕನಸಿನಿಂದ ಇಳಿದು ಬಂದಂತೆ, ಒಂದು ಪ್ರಾಣಿ ನಿಂತಿತ್ತು.

“ಕಾಡುಮೇಕೆ!” ಎಂದರು ದೇರಾ ಪೇಟೆಯಿಂದ ಕಾರು ಓಡಿಸಿಕೊಂಡು ಬಂದಿದ್ದ ಭಾವ.

“ಯಾರೋ ಸಾಕಿದ್ದಿರಬೇಕ್ರಿ. ಕಾಡಿಂದ ಅನ್ನಾಕ ಪುರಾವೆ?” ಎಂದೆ ನಾನು.

“ವಾದ ಆಮ್ಯಾಲ ಮಾಡೋ ತಮ್ಮಾ. ಮುಂದಿನ ವಾರ ವೀಸಾ ಖಲಾಸ್, ಊರಿಗೆ ಹೊಂಟೀನಿ. ಇದೊಂದು ಫೋಟೋ ಸಿಗಲಿ.”

ಭಾವ ಕಿಟಕಿಗೆ ಆನಿಸಿದ ಕ್ಯಾಮೆರಾ ನಡುಗುತ್ತಿತ್ತು. ನಿಂತ ಕಾರಿನಲ್ಲೂ ಏಸಿಗೆಂದು ಎಂಜಿನ್ ಓಡಿಸುವ ಇಲ್ಲಿನ ರೂಢಿಯನ್ನು ಭಾವ ಹಿಮದಲ್ಲೂ ಬಿಟ್ಟಿರಲಿಲ್ಲ.

“ಎಂಜಿನ್ ಬಂದ್ ಮಾಡ್ರಿ,” ಪಿಸುಗುಟ್ಟಿದೆ.

ಮಾಡಿದರು. ಬೆಟ್ಟವೆಲ್ಲ ನಿಶ್ಶಬ್ದವಾಯಿತು. ಪ್ರಾಣಿ ನಮ್ಮತ್ತ ತಿರುಗಿ ಬೆಳ್ಳನೆಯ ಉಸಿರು ಬಿಟ್ಟಿತು. ಭಾವ ಕ್ಲಿಕ್ಕಿಸಿದರು. ಅದು ಬಂಡೆಯಾಚೆ ಕರಗಿಹೋಯಿತು.

“ಫೋಟೋ ಛಲೋ ಬಂದೈತಿ. ಈಗ ಮಾಡು ವಾದ,” ಎನ್ನುತ್ತ ಭಾವ ಕೀಲಿಗೆ ಕೈಹಾಕಿದರು.

“ಮುಂದಿನ ವಾರ ನೀವು ಇರಂಗಿಲ್ಲ. ಇನ್ನೊಂದೀಟು ಹೊತ್ತು ಚಾಲೂ ಮಾಡಬ್ಯಾಡ್ರಿ, ಭಾವಾ.”