ಸಮಾಧಿಗಳ ಮುಂದೆ ಜೊಂಡಿನ ಬೇಲಿ

ಬೆಳಗಿನ ಐದೂವರೆ. ದಾಳಿಂಬ ಊರಿನಿಂದ ಆಟೋದಲ್ಲಿ ಅರ್ಧ ಗಂಟೆ ದೂರದ ಕೆರೆಯಲ್ಲಿ ಪ್ರಯಾಗಬಾಯಿ ಆಗಲೇ ನೀರಿಗಿಳಿದಿದ್ದಾರೆ. ಸೊಂಟಮಟ್ಟದ ನೀರಿನಲ್ಲಿ ಅಳಿದುಳಿದ ಜೊಂಡು ಹುಲ್ಲನ್ನು ಬೇರುಸಮೇತ ಕಿತ್ತು, ದಡದತ್ತ ಎಳೆದು ತಂದು, ನೀರು ಮೀನಖಂಡ ಮುಟ್ಟುವಲ್ಲಿ ಕೆಸರಿಗೆ ಒತ್ತಿ ನೆಡುತ್ತಾರೆ. ಅಳತೆಗೆ ಅವರ ಕಾಲೇ ಸಾಕು. ನೀರು ಮೊಣಕಾಲು ದಾಟಿದರೆ ಜೊಂಡು ಬದುಕುವುದಿಲ್ಲ.

"ದಿನಕ್ಕ ಅರವತ್ತು ಬುಡ ಹಚ್ತೀನ್ರಿ. ಬೇರ ಹಿಡಿಯೋದು ಹದಿನೈದು, ಭಾಳ ಆದ್ರ ಇಪ್ಪತ್ತು. ಉಳದದ್ದು ತೆರಿ ಒಯ್ತದ" ಎನ್ನುತ್ತಾರೆ, ಕೈಯ ಕೆಲಸ ನಿಲ್ಲಿಸದೆ.

ಅರವತ್ತನಾಲ್ಕರ ಈ ಹೆಣ್ಣುಮಗಳಿಗೆ ಎರಡೂವರೆ ಎಕರೆ ತೊಗರಿ, ಸೋಯಾಬೀನ್ ಹೊಲವಿದೆ. ಅಲ್ಲಿಗೆ ಹೋಗುವ ಮುನ್ನ ದಿನವೂ ಎರಡು ತಾಸು ಇಲ್ಲಿ ದುಡಿಯುತ್ತಾರೆ, ಯಾರೂ ಹೇಳದೆ, ಯಾರಿಗೂ ಬೇಕಾಗದೆ. ದಡದ ಮೇಲಿರುವುದು ಅವರ ಊರಿನ ರುದ್ರಭೂಮಿ. 1993ರ ಭೂಕಂಪದಲ್ಲಿ ತೀರಿಕೊಂಡ ಆರು ವರ್ಷದ ಮಗಳು ಮೀನಲ ಮಲಗಿರುವುದು ಅಲ್ಲೇ, ನೀರಿನಿಂದ ಮೂರನೇ ಸಾಲಿನಲ್ಲಿ.

ಆಗೆಲ್ಲ ದಡದುದ್ದಕ್ಕೂ ಮೂವತ್ತು ಹೆಜ್ಜೆ ಅಗಲದ ಜೊಂಡಿತ್ತು. ಎಂಥ ಗಾಳಿ ಬೀಸಿದರೂ ತೆರೆಗಳು ಅದರೊಳಗೆ ಬಂದು ಸುಮ್ಮನಾಗುತ್ತಿದ್ದವು. ಹನ್ನೊಂದು ವರ್ಷದ ಹಿಂದೆ ಪೇಟೆಯ ಕುಡಿಯುವ ನೀರಿಗೆಂದು ಕೆರೆಯ ಏರಿಯನ್ನು ಮೂರಡಿ ಎತ್ತರಿಸಿದರು. ಪೇಟೆಗೆ ನೀರು ಬೇಡ ಎನ್ನುವವರು ಯಾರಿದ್ದಾರೆ? ಜೊಂಡು ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಒಂದೇ ಮಳೆಗಾಲದಲ್ಲಿ ಅದರ ಬಹುಪಾಲು ಮುಳುಗಿ ಕೊಳೆಯಿತು, ತೆರೆ ನೇರ ಸಮಾಧಿಗೆ ಬಡಿಯತೊಡಗಿತು.

ಊರವರು ಸುಮ್ಮನೆ ಕೂರಲಿಲ್ಲ. ಭೂಕಂಪದಲ್ಲಿ ಬಿದ್ದ ಮನೆಗಳ ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ಗೋಡೆ ಪೇರಿಸಿದರು. ತೆರೆ ಕಲ್ಲಿಗೆ ಬಡಿದು ಹಿಂದಿರುಗುವಾಗ ಬುಡದ ಮಣ್ಣನ್ನೇ ತಿಂದಿತು. ಎರಡನೇ ಮಳೆಗಾಲಕ್ಕೆ ಗೋಡೆ ಕುಸಿದು, ಮೊದಲ ಸಾಲಿನ ನಾಲ್ಕು ಸಮಾಧಿಗಳನ್ನೂ ಎಳೆದುಕೊಂಡು ಹೋಯಿತು.

"ಅವೇ ಕಲ್ಲ ನಮ್ಮವರನ್ನ ಎರಡ ಸಲ ತಿಂದ್ವು ನೋಡ್ರಿ" ಎನ್ನುತ್ತಾರೆ ಪ್ರಯಾಗಬಾಯಿ.

ನೀರು ಏರಿದರೆ ಜೊಂಡು ಹಿಂದೆ ಸರಿಯಬೇಕು, ಸರಿಯಲು ಇಳಿಜಾರು ನೆಲ ಬೇಕು. ರುದ್ರಭೂಮಿಯ ಬೆನ್ನಿಗೇ ಅಗಲಗೊಂಡ ರಸ್ತೆಯ ಗೋಡೆ ನಿಂತಿದೆ. ಉಳಿದ ಜಾಗವೆಂದರೆ ಸಮಾಧಿಗಳದ್ದೇ. ಜೊಂಡು ಅಲ್ಲಿ ನೆಡದಿದ್ದರೆ ಸಮಾಧಿ ಉಳಿಯುವುದಿಲ್ಲ, ನೆಟ್ಟರೆ ಸತ್ತವರ ಮೇಲೆ ನೆಟ್ಟಂತೆ. ಈ ಸಂಕಟಕ್ಕೆ ಕಚೇರಿಯ ಯಾವ ಅರ್ಜಿಯಲ್ಲೂ ಕಲಂ ಇಲ್ಲ.

ಪ್ರಯಾಗಬಾಯಿ ಮೊದಲ ಬುಡ ಹಿಡಿದು ರುದ್ರಭೂಮಿಯೊಳಗೆ ಕಾಲಿಟ್ಟ ದಿನ ಊರ ಹಿರಿಯರಾದ ಜಗದೇವಪ್ಪ ತಡೆದಿದ್ದರು. "ಹಿರೇರ ಎದಿ ಮ್ಯಾಲ ಕೆಸರ ಹಚ್ತಿಯೇನವಾ, ಪ್ರಯಾಗಾ?"

"ಮೊದಲ ನನ್ನ ಮಗಳ ಮ್ಯಾಲೇ ಹಚ್ತೀನ್ರಿ ಕಾಕಾ. ಆಮ್ಯಾಲ ನೀವು ಹೇಳ್ರಿ."

ಜಗದೇವಪ್ಪ ಮತ್ತೆ ತಡೆಯಲಿಲ್ಲ. ಕೈ ಜೋಡಿಸಲು ಮಾತ್ರ ಈವರೆಗೆ ಯಾರೂ ಬಂದಿಲ್ಲ.

ಮೀನಲಳ ಸಮಾಧಿಯ ಸುತ್ತ ನೆಟ್ಟ ಹನ್ನೆರಡರಲ್ಲಿ ನಾಲ್ಕು ಬುಡ ಹಸಿರಾಗಿವೆ. ಕಳೆದ ವಾರದ ಗಾಳಿಗೆ ತೆರೆ ಬಡಿದು ಸಮಾಧಿಯ ಒಂದು ಮೂಲೆ ಬಿರುಕು ಬಿಟ್ಟಿದೆ. ಎಲುಬು ಎತ್ತಿ ಮೇಲೆ ರಸ್ತೆಯ ಬದಿಗೆ ಹೂಳೋಣ ಎಂದು ಮಗ ಓಂಪ್ರಕಾಶ ದಿನಾ ಹೇಳುತ್ತಾನೆ. ಅವನದು ತಪ್ಪಲ್ಲ, ನೋಡಿದ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ತಾಯಿ ಒಪ್ಪುವುದಿಲ್ಲ.

"ಆಕಿನ್ನ ಒಮ್ಮಿ ಕಲ್ಲಿನಾಗಿಂದ ಈ ಕೈಲೇ ತಗದೀನಿ. ಇನ್ನೊಮ್ಮಿ ತಗಿಲಾಕ ನನಗ ಕೈ ಬರೂದಿಲ್ಲ."

ಈ ಜೊಂಡಿನ ಬೇಲಿ ಉಳಿಯುತ್ತದೆ ಎಂದು ಅವರೂ ನಂಬಿಲ್ಲ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಗಂಡ ಅಮೃತಪ್ಪನವರ ಸಮಾಧಿ, ಅದರ ಪಕ್ಕ ಪ್ರಯಾಗಬಾಯಿಗೆಂದೇ ಕಾಯ್ದಿಟ್ಟ ಜಾಗ. ನಿಮ್ಮ ಆಸೆಯೇನು ಎಂದರೆ ಆ ಕಡೆ ನೋಡುತ್ತಾರೆ.

"ನನ್ನ ಹೊಲದಾಗ ಮಣ್ಣ ಮಾಡ್ರಿ ಅಂತ ಮಗಗ ಹೇಳೀನಿ. ಅವರ ಬಾಜೂಕ ನನಗ ಬ್ಯಾಡ, ಆ ಜಾಗ ಖಾಲಿ ಬಿಡ್ರಿ. ನೀರು ಅಲ್ಲಿತನ ಬಂದಾಗ ಯಾರರೆ ಜೊಂಡ ಹಚ್ಚೋರು ಬಂದ್ರ, ಹಚ್ಚಲಾಕ ಅಷ್ಟರೆ ನೆಲ ಇರ್ಲಿ."