ಮಂಡಕ್ಕಿ ಗುಡ್ಡದ ಆ ಬದಿ

ಹೋದ ವರ್ಷ ಬೇಸಿಗೆಯಲ್ಲಿ, ಗಡಿಯಲ್ಲಿ ಮತ್ತೆ ಕದನ ಶುರುವಾದ ದಿನಗಳಲ್ಲಿ, ಗಂಗಾವತಿ ಭಟ್ಟಿಯಿಂದ ಬಂದ ಮಂಡಕ್ಕಿ ಚೀಲದ ಬಾಯಿ ಬಿಚ್ಚಿದೆ. ಬಿಸಿ ಮರಳಿನಲ್ಲಿ ಹುರಿದ ಅಕ್ಕಿಯ ವಾಸನೆ ಮುಖಕ್ಕೆ ಬಡಿಯಿತು. ಒಗ್ಗರಣೆಗೆಂದು ತರಿಸಿದ್ದ ಚೀಲ ಅದು. ನಾನೋ ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಎರಡೂ ಕೈಯಿಂದ ಮೊಗೆದು ಪರಾತದಲ್ಲಿ ಗುಡ್ಡ ಒಟ್ಟತೊಡಗಿದ್ದೆ. ಇದೇನು ಮಾಡುತ್ತಿದ್ದೀರಿ ಎಂದು ಹೆಂಡತಿ ಕೇಳಿದಳು. ಯುದ್ಧ ಎಂದೆ. ಆಕೆ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಆಕೆಗೇನು ಗೊತ್ತು! ನಾನು ಯುದ್ಧ ಕಲಿತದ್ದೇ ಮಂಡಕ್ಕಿಯಲ್ಲಿ.

ಕುಷ್ಟಗಿ ಬಸ್ ಸ್ಟ್ಯಾಂಡಿನ ಎದುರು ಒಂದು ಮಿರ್ಚಿ ಅಂಗಡಿ ಇತ್ತು, ಈಗಲೂ ಇದೆ. ಅದರ ಮಾಲೀಕರನ್ನು ಊರೆಲ್ಲ ಮಿಲ್ಟ್ರಿ ಕಾಕಾ ಎನ್ನುತ್ತಿತ್ತು. ಫೌಜಿನ ತೋಪಿನ ದಳದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ತೋಪಿನ ಸದ್ದಿಗೆ ಒಂದು ಕಿವಿ ಮಂದವಾಗಿತ್ತು, ಹಾಗಾಗಿ ಅವರು ಆಡಿದ್ದೆಲ್ಲ ಕೂಗಿದಂತೆಯೇ ಇರುತ್ತಿತ್ತು. ಎದುರಿನವನ ವಾದ ಜೋರಾದಾಗ ಮಾತ್ರ ಆ ಕಿವಿ ಇನ್ನಷ್ಟು ಮಂದವಾಗುತ್ತಿತ್ತು ಎಂಬುದು ನನ್ನ ಗುಮಾನಿ. ಬಾಣಲೆಯ ಮುಂದೆ ಝಾರಿ ಹಿಡಿದು ಎದೆಯುಬ್ಬಿಸಿ ನಿಂತರೆಂದರೆ ಮೆಣಸಿನಕಾಯಿಗಳೂ ಸಾಲಾಗಿ ನಿಲ್ಲಬೇಕು, ಹಾಗಿತ್ತು ಗತ್ತು. ಹಿಂದೆ ಮಣೆಯ ಮೇಲೆ ಕೂತು ಮೆಣಸಿನಕಾಯಿಗಳನ್ನು ಕಡಲೆ ಹಿಟ್ಟಿನಲ್ಲಿ ಅದ್ದಿ ಕೊಡುತ್ತಿದ್ದವಳು ಅವರ ಹೆಂಡತಿ. ನಾನು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆ. ಒಬ್ಬನೇ ಮಗ. ಅವನೂ ಫೌಜಿಗೇ ಸೇರಿದ್ದ, ಕಾಲಾಳು ದಳಕ್ಕೆ.

ನಾನಾಗ ರೈತರ ಕಾಳು ಮಾರಿಸಿಕೊಡುವ ಅಪ್ಪನ ಅಡತಿ ಅಂಗಡಿಯಲ್ಲಿ ಕೂರುತ್ತಿದ್ದೆ. ಮದುವೆಯಾದ ಹೊಸತು, ಪೇಪರು ಓದುವ ಚಟ, ಎಲ್ಲದಕ್ಕೂ ನನ್ನದೊಂದು ಅಭಿಪ್ರಾಯ. ಸಂಜೆ ಅಂಗಡಿ ಮುಚ್ಚಿದ ಕೂಡಲೇ ಮಿರ್ಚಿ ಅಂಗಡಿಯ ಬೆಂಚಿಗೆ ಓಡುತ್ತಿದ್ದೆ. ಅಲ್ಲೊಂದು ಕಾನೂನಿತ್ತು. ಯಾರ ಭವಿಷ್ಯ ಸುಳ್ಳಾಯಿತೋ ಅವರು ಎದ್ದು ನಿಂತು, ಎಲ್ಲರೂ ನೋಡುವಂತೆ ಒಂದು ಹಸಿ ಮೆಣಸಿನಕಾಯಿ ತಿನ್ನಬೇಕು. ಮಳೆಯಿಂದ ಹಿಡಿದು ಚುನಾವಣೆಯವರೆಗೆ ಎಲ್ಲಕ್ಕೂ ಇದೇ ಶಿಕ್ಷೆ.

ಕಾರ್ಗಿಲ್ ಯುದ್ಧ ಶುರುವಾದ ಬೇಸಿಗೆಯಲ್ಲಿ ಆ ಬೆಂಚಿನ ಮೇಲೆ ಜಾಗ ಸಿಗುವುದೇ ಕಷ್ಟವಾಯಿತು. ಕಾಕಾ ಮನೆಯ ಟೀವಿಯನ್ನೇ ತಂದು ಸೋಡಾ ಪೆಟ್ಟಿಗೆಗಳ ಮೇಲೆ ಇಟ್ಟಿದ್ದರು. ಲಾರಿ ಡ್ರೈವರುಗಳು ಗಾಡಿ ನಿಲ್ಲಿಸಿ ಬರುತ್ತಿದ್ದರು, ಸಂತೆಗೆ ಬಂದವರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಶತ್ರು ಗುಡ್ಡದ ನೆತ್ತಿಯಲ್ಲಿ ಕೂತರೆ ಅಷ್ಟೇಕೆ ಗಾಬರಿ ಎಂದು ಯಾರೋ ಕೇಳಿದ ದಿನ ಕಾಕಾ ಝಾರಿ ಕೆಳಗಿಟ್ಟು, ಒಂದು ಬುಟ್ಟಿ ಮಂಡಕ್ಕಿಯನ್ನು ಮೇಜಿನ ಮೇಲೆ ಸುರುವಿದರು. ಅಂಗೈಯಿಂದ ಒತ್ತಿ ಒತ್ತಿ ಬೆಳ್ಳಗಿನ ಗುಡ್ಡ ಎಬ್ಬಿಸಿದರು. ಪೇಪರಿನ ಪಟ್ಟಿ ಹರಿದು ಅದರ ಬುಡಕ್ಕೆ ಹಾಸಿ, ಇದು ಲಡಾಖಿಗೆ ಹೋಗುವ ಹೆದ್ದಾರಿ ಎಂದರು. ಪುಠಾಣಿ, ಅಂದರೆ ಹುರಿಗಡಲೆ, ನಮ್ಮ ಸೈನಿಕರು; ಶೇಂಗಾ ಶತ್ರುಗಳು. ಗುಡ್ಡದ ಹಿಂದೆ ಉದ್ದಕ್ಕೆ ಮೆಣಸಿನಕಾಯಿಗಳನ್ನಿಟ್ಟರು, ಅದು ಗಡಿ ರೇಖೆ.

“ನಮ್ಮ ಹೊಸಪೇಟಿ ರೋಡಿನ ಬಗಲಿಗೆ, ಗೋದಾಮಿನ ಮಾಳಿಗಿ ಮ್ಯಾಲ ಒಬ್ಬಾಂವ ಕಲ್ಲ ಹಿಡ್ಕೊಂಡು ಕುಂತಾನಂತ ತಿಳ್ಕೋರಿ. ಒಂದರೆ ಲಾರಿ ಹೋಗತೈತೇನು?” ಎಂದು ಕೇಳಿದರು.

ಡ್ರೈವರುಗಳೆಲ್ಲ ತಲೆಯಲ್ಲಾಡಿಸಿದರು. ಅಂದಿನಿಂದ ದಿನಾ ಯುದ್ಧ! ಎಲ್ಲಿ ತೋಪು ಇಡಬೇಕು, ಹಗಲು ಏರಿದರೆ ಏನಾಗುತ್ತದೆ, ಮಂಜು ಬಿದ್ದರೆ ಯಾರಿಗೆ ಲಾಭ, ಎಲ್ಲ ಆ ಮೇಜಿನ ಮೇಲೆ. ಹುರುಪೋ ಹುರುಪು ನಮಗೆ. ಮಜಾ ಎಂದರೆ ಕದನ ಮುಗಿದ ಮೇಲೆ ರಣರಂಗಕ್ಕೆ ಉಳ್ಳಾಗಡ್ಡಿ, ಕೊತ್ತಂಬರಿ ಕಲಸಿ ಎಲ್ಲರೂ ತಿಂದು ಹೋಗುತ್ತಿದ್ದೆವು.

ಕಾಕಾ ಹೇಳಿದ್ದೆಲ್ಲ ನಿಜವಾಗುತ್ತಿತ್ತು ಎಂದೇನಲ್ಲ. ಹೆಸರು ಕಾಳು ಬಿತ್ತುವುದರೊಳಗೆ ನಮ್ಮ ವಿಮಾನಗಳು ಕೆಲಸ ಮುಗಿಸುತ್ತವೆ ಎಂದು ಮೀಸೆ ಮೇಲೆ ಕೈ ಹಾಕಿ ಹೇಳಿದ್ದರು. ಹೆಸರು ಬಿತ್ತಿದ್ದೂ ಆಯಿತು, ಮೊಳಕೆ ಬಂದದ್ದೂ ಆಯಿತು. ಹವಾಲ್ದಾರರು ಎದ್ದು ನಿಂತು ಮೆಣಸಿನಕಾಯಿ ತಿಂದರು. ಕಣ್ಣಲ್ಲಿ ಬಂದ ನೀರು ಒಲೆಯ ಹೊಗೆಯದು ಎಂದು ಸಾಧಿಸಿದರು.

ಅಷ್ಟರಲ್ಲಿ ಒಂದು ದಿನ ಮಗ ಫೋನ್ ಮಾಡಿದ. ಪಕ್ಕದ ಎಸ್‌ಟಿಡಿ ಬೂತಿಗೆ ಬಂದ ಫೋನು. ತಮ್ಮ ದಳವನ್ನೂ ಮೇಲಕ್ಕೆ ಕರೆಸಿದ್ದಾರೆ, ಇನ್ನು ಸ್ವಲ್ಪ ದಿನ ಮಾತಾಡಲು ಆಗುವುದಿಲ್ಲ ಎಂದನಂತೆ. ಕಾಕಾ ಬೂತಿನಿಂದ ಬಂದವರೇ ಏನೂ ಆಗದವರಂತೆ ಒಲೆ ಉರಿ ಜೋರು ಮಾಡಿದರು. ಆದರೆ ಅಂದಿನಿಂದ ಮಂಡಕ್ಕಿ ಗುಡ್ಡದ ಇಳಿಜಾರಿನಲ್ಲಿ ಒಂದು ಪುಠಾಣಿಯನ್ನು ಅವರು ಬಹಳ ಹಗುರಾಗಿ ಇಡುತ್ತಿದ್ದರು…

ಗಡಿ ದಾಟಿಯೇ ಹೊಡೆಯಬೇಕು ಎನ್ನುವ ಪಕ್ಷಕ್ಕೆ ನಾನೇ ಮುಂದಾಳು. ಸರ್ಕಾರ ನೋಡಿದರೆ ರೇಖೆ ದಾಟಬಾರದು ಎಂದು ಪಟ್ಟು ಹಿಡಿದಿತ್ತು, ಕಾಕಾ ಕೂಡ ಸರ್ಕಾರದ ಕಡೆ. ಒಂದು ಸಂಜೆ ನಾನು ಮೇಜಿನ ಆ ಬದಿಗೆ ಹೋಗಿ ನಿಂತೆ. ಗುಡ್ಡದ ಹಿಂದಿನ ಮೆಣಸಿನಕಾಯಿ ಸಾಲನ್ನು ಬದಿಗೆ ಸರಿಸಿ, ಬೆರಳಿನಿಂದ ಹಿಂದುಗಡೆಯೇ ಒಂದು ಗೆರೆ ಎಳೆದೆ. ಇಲ್ಲಿಂದ ನುಗ್ಗಿ ಅವರಿಗೆ ಬರುವ ಅನ್ನ, ಗುಂಡು ಎರಡನ್ನೂ ತಡೆದರೆ ಮೇಲಿನವರು ತಾವೇ ಇಳಿದು ಬರುತ್ತಾರೆ, ನಮ್ಮವರು ನೆಟ್ಟಗೆ ಗುಂಡಿಗೆ ಎದೆಯೊಡ್ಡಿ ಏರುವುದೇ ಬೇಡ ಎಂದೆ. ಬೆಂಚಿನಿಂದ ಚಪ್ಪಾಳೆ ಬಿತ್ತು. ಕಾಕಾ ಜಗಳಕ್ಕೆ ಬರುತ್ತಾರೆಂದು ಕಾದೆ. ಬರಲಿಲ್ಲ.

“ನೀ ಹೇಳೂದು ಖರೇನ ಐತಿ ಸಾವ್ಕಾರ,” ಎಂದರು. “ಹಿಂದಿಂದ ಹೋದ್ರ ಗುಡ್ಡ ಸರಳ ಸಿಗತೈತಿ. ಆದ್ರ ಇವತ್ತ ಎಲ್ಲಾ ದೇಶದವರು ಅವರಿಗೆ, ನೀವು ಗಡಿ ದಾಟೀರಿ, ಹೊಳ್ಳಿ ಹೋಗ್ರಿ ಅನ್ನಾಕತ್ತಾರ. ನಾಳೆ ನಾವೂ ದಾಟಿದ್ವಿ ಅಂದ್ರ ಇಬ್ಬರಿಗೂ ಬೈದು ಸುಮ್ಮನಾಗ್ತಾರ. ಆ ಮಾತೂ ಒಂದ ತೋಪು ಇದ್ದಂಗಪಾ. ಅದನ್ನ ಕಳ್ಕೋಬಾರ್ದು.”

ಇಬ್ಬರ ಹತ್ತಿರವೂ ಅಣುಬಾಂಬಿದೆ, ಗುಡ್ಡದ ಜಗಳ ಊರೂರಿಗೆ ಹಬ್ಬಿದರೆ ಯಾರಿಗೂ ನಿಲ್ಲಿಸಲಾಗದು ಎಂದೂ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಚಿಗವ್ವ ಎದ್ದು ಬಂದಳು. ಅಲ್ಲಿಯವರೆಗೆ ಆಕೆ ಆ ಮೇಜಿನ ಹತ್ತಿರ ಸುಳಿದಿದ್ದೇ ಇಲ್ಲ. ಕೈಯೆಲ್ಲ ಹಿಟ್ಟು.

“ಹಿಂದಿಂದ ದಾರಿ ಐತೇನ್ರಿ?”

“ಐತಿ,” ಎಂದರು ಕಾಕಾ.

“ಮತ್ತ ನನ್ನ ಮಗನ್ನ ಯಾಕ ನೆಟ್ಟಗ ಏರಸಾಕತ್ತಾರ?”

ಕಾಕಾ ಮತ್ತೆ ಅದೇ ಮಾತು ಶುರು ಮಾಡಿದರು, ಎಲ್ಲಾ ದೇಶದವರು ಎನ್ನುವಲ್ಲಿಗೆ ನಿಂತುಹೋಯಿತು. ಚಿಗವ್ವ ಒಳಗೆ ಹೋಗಿ ಮಣೆಯ ಮೇಲೆ ಕೂತಳು. ಅಂದಿನಿಂದ ಗಂಡನೊಡನೆ ಮಾತು ಬಂದ್.

ಅಂಗಡಿ ನಡೆಯಲೇಬೇಕಲ್ಲ. ಹಿಟ್ಟಿನ ಪಾತೇಲಿ ಆಕೆಯ ಕಡೆ, ಬಾಣಲೆ ಅವರ ಕಡೆ, ನಡುವೆ ಯಾರೂ ದಾಟದ ಗೆರೆ. ಸಂಧಾನಕ್ಕೆ ಸಿಕ್ಕವನು ನಾನು! ಹಿಟ್ಟು ತೆಳ್ಳಗಾಗಿದೆ ಎಂದು ಆಕೆಗೆ ಹೇಳು ಎನ್ನುತ್ತಿದ್ದರು ಇವರು. ಎಣ್ಣೆ ಕಾಯುವ ಮೊದಲೇ ಹಾಕಿದರೆ ಹಿಟ್ಟೇನು ಮಾಡೀತು ಎಂದು ಅವರಿಗೆ ಹೇಳು ಎನ್ನುತ್ತಿದ್ದಳು ಆಕೆ. ಎರಡು ಹೆಜ್ಜೆ ಅಂತರದಲ್ಲಿ ಕೂತವರ ನಡುವೆ ನಾನು ರಾಯಭಾರಿಯಂತೆ ಓಡಾಡಿ ಸುಸ್ತಾದೆ. ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು. ಟೀವಿಯಲ್ಲಿ ಶವಪೆಟ್ಟಿಗೆಗಳು ಬಂದಾಗ ಮಾತ್ರ ಯಾರೂ ನಗುತ್ತಿರಲಿಲ್ಲ, ಚಿಗವ್ವನ ಕಡೆ ನೋಡುತ್ತಲೂ ಇರಲಿಲ್ಲ.

ಮಾತು ಮುರಿದವಳೇ ಒಂದು ದಿನ ಮಾತಿಗೆ ದಾರಿ ಮಾಡಿದಳು. ಹೇಗೆ ಏರುತ್ತಾರೆ ಅಂತ ಅವರನ್ನು ಕೇಳು ಎಂದಳು ನನಗೆ. ನಾನು ಕೇಳುವ ಮೊದಲೇ ಕಾಕಾ ಮಂಡಕ್ಕಿ ಬುಟ್ಟಿ ಎತ್ತಿದ್ದರು. ಅದೆಂಥ ಗುಡ್ಡ ಕಟ್ಟಿದರು ಅಂದು! ಒಂದು ಬದಿ ಇಳಿಜಾರು, ಇನ್ನೊಂದು ಬದಿ ಗೋಡೆಯಂಥ ಕಡಿದಾದ ಬಂಡೆ. ಇಳಿಜಾರಿನ ಕಡೆಗೆ ಶತ್ರುವಿನ ಬಂದೂಕುಗಳೆಲ್ಲ ಮುಖ ಮಾಡಿವೆ, ಬಂಡೆಯ ಕಡೆ ಯಾರೂ ಬರಲಾರರು ಎಂದು ಕಾವಲೇ ಕಡಿಮೆ. ನಮ್ಮ ತೋಪುಗಳು ಮುಂದಿನಿಂದ ಒಂದೇ ಸಮನೆ ಹೊಡೆಯುತ್ತವೆ, ಅವರು ತಲೆ ಎತ್ತುವುದಿಲ್ಲ. ಆ ಹೊತ್ತಿಗೆ ನಮ್ಮ ಹುಡುಗರು ಹಗ್ಗ ಹಿಡಿದು ಬಂಡೆಯ ಕಡೆಯಿಂದ ಏರುತ್ತಾರೆ. ಹೇಳುತ್ತ ಹೇಳುತ್ತ ಕಾಕಾನ ಮುಖ ಕೆಂಪಾಗಿತ್ತು. ಚಿಗವ್ವ ಮೇಜಿನ ಅಂಚು ಹಿಡಿದು ನಿಂತು ಒಂದೇ ಕೇಳಿದಳು, ಅವನು ಬರುತ್ತಾನಾ ಎಂದು. ನನ್ನನ್ನಲ್ಲ, ಅವರನ್ನೇ.

“ಗುಡ್ಡ ಕೈಗೆ ಬರತೈತಿ, ಅದು ಗೊತ್ತೈತಿ,” ಎಂದರು ಕಾಕಾ. “ಅವನ ಸುದ್ದಿ ನನಗ ಗೊತ್ತಿಲ್ಲ. ಸುಳ್ಳ ಹ್ಯಾಂಗ ಹೇಳ್ಲಿ ನಿನಗ?”

ಆಕೆ ಮತ್ತೆ ಮಣೆಯ ಮೇಲೆ ಕೂತು ಮೆಣಸಿನಕಾಯಿ ಅದ್ದತೊಡಗಿದಳು.

ಆಮೇಲೆ ಸುದ್ದಿಗಳು ಒಂದರ ಮೇಲೊಂದು ಬಂದವು. ಒಂದೊಂದೇ ಗುಡ್ಡ ಕೈಗೆ ಬಂತು, ಅದರಲ್ಲೊಂದನ್ನು ಕಡಿದಾದ ಬಂಡೆಯ ಕಡೆಯಿಂದಲೇ ಏರಿ ಗೆದ್ದಿದ್ದರು. ಗಡಿಯಾಚೆಯ ದೇಶದ ಪ್ರಧಾನಿ ಸಹಾಯ ಕೇಳಲು ಅಮೆರಿಕಕ್ಕೆ ಓಡಿಹೋಗಿ, ಸೇನೆ ಹಿಂದೆ ಕರೆಸಲು ಒಪ್ಪಿ ಬಂದರು. ಬೆಂಚಿನ ಮೇಲೆ ಹತ್ತಿ ಕಾಕಾ ಕುಣಿದೇಬಿಟ್ಟರು. ಮಾತಿನ ತೋಪು ಹೊಡೆಯಿತು ನೋಡು ಎಂದು ನನ್ನ ಬೆನ್ನಿಗೆ ಗುದ್ದಿದರು. ಗಡಿ ದಾಟದೆ ಗೆಲ್ಲಲಾಗದು ಎಂದಿದ್ದ ನಾನು ಎದ್ದು ನಿಂತು, ಕಿವಿಯಲ್ಲಿ ಹೊಗೆ ಬರುವಂಥ ಮೆಣಸಿನಕಾಯಿ ತಿಂದೆ. ಸಂತೋಷವಾಗಿಯೇ ತಿಂದೆ. ಆದರೆ ಮಗನ ಸುದ್ದಿ ಇರಲಿಲ್ಲ.

ಅದು ಬಂದದ್ದು ಒಂದು ಮಧ್ಯಾಹ್ನ. ಬೂತಿನವನು ಬೀದಿಯಿಂದಲೇ ಕೂಗಿದ. ಕಾಕಾ ಏಳುವ ಮೊದಲೇ ಚಿಗವ್ವ ಹಿಟ್ಟಿನ ಕೈಯಲ್ಲೇ ಓಡಿದಳು, ಹಿಂದೆ ಕಾಕಾ, ಹಿಂದೆ ನಾವೆಲ್ಲ. ಕರಿಯುತ್ತಿದ್ದ ಮಿರ್ಚಿ ಬಾಣಲೆಯಲ್ಲೇ ಸೀದುಹೋಯಿತು. ಆಕೆ ಫೋನು ಕಿವಿಗೆ ಒತ್ತಿಕೊಂಡು ಬರೀ ಹ್ಞೂಂ, ಹ್ಞೂಂ ಎಂದಳು. ಆಮೇಲೆ ಗಂಡನ ಕಡೆ ಚಾಚಿದಳು.

“ಮಾತಾಡ್ರಿ. ಕಾಲಿಗೆ ಭಾಳ ಪೆಟ್ಟಾಗೇತಿ. ಅದಾನ.”

ಕಾಕಾ ಮಂದ ಕಿವಿಗೇ ಫೋನು ಹಿಡಿದರು. ಏನೂ ಕೇಳಿಸಿರಲಾರದು. ಅಳುತ್ತಿದ್ದರು.

ಮಗ ಊರುಗೋಲು ಹಿಡಿದು ಬಂದ. ಅವನ ಜೊತೆ ಹಗ್ಗ ಹಿಡಿದು ಏರಿದ ಗೆಳೆಯರಲ್ಲಿ ಕೆಲವರು ಬರಲಿಲ್ಲ. ಆಮೇಲೆ ಕಾಕಾ ಮೇಜಿನ ಮೇಲೆ ಗುಡ್ಡ ಕಟ್ಟಲಿಲ್ಲ, ನಾವೆಷ್ಟು ಪೀಡಿಸಿದರೂ. ಒಮ್ಮೆ ಇಬ್ಬರೇ ಇದ್ದಾಗ ಯಾಕೆ ಎಂದು ಕೇಳಿದೆ. “ನಾ ಹೇಳಿದ್ದು ಖರೇನ ಇತ್ತು,” ಎಂದರು. “ಆಕಿ ಕೇಳಿದ್ದೂ ಖರೇನ ಇತ್ತು.” ಅವರು ತೀರಿಹೋಗಿ ಈಗ ಸುಮಾರು ವರ್ಷಗಳಾದವು…

ಹೋದ ಬೇಸಿಗೆಯ ಆ ಸಂಜೆ ನಾನು ಮಂಡಕ್ಕಿಯನ್ನು ಅಲ್ಲೇ ಬಿಟ್ಟು ಮಿರ್ಚಿ ಅಂಗಡಿಗೆ ಹೋದೆ. ಈಗ ಬಾಣಲೆಯ ಮುಂದೆ ಮಗ ನಿಲ್ಲುತ್ತಾನೆ, ಒಂದು ಕಾಲಿನ ಮೇಲೆ ಭಾರ ಹಾಕಿ. ಯುದ್ಧದ ಮಾತು ಬಂದರೆ ಉರಿ ಸರಿಮಾಡುತ್ತಾನೆ. ಬೆಂಚಿನ ಮೇಲೆ ಹುಡುಗರು ಮೊಬೈಲು ಹಿಡಿದು, ಡ್ರೋನು, ಕ್ಷಿಪಣಿ ಎಂದು ಕೂಗಾಡುತ್ತಿದ್ದರು. ಕದನ ನಿಲ್ಲಿಸುವ ಮಾತುಕತೆ ಫೋನಿನಲ್ಲಿ ಆಗಿದೆ ಎಂದು ಸುದ್ದಿ ಬಂದಿತ್ತು, ಅದಕ್ಕೇ ಅವರ ಸಿಟ್ಟು. ಇಷ್ಟು ಹತ್ತಿರ ಬಂದು ನಿಲ್ಲಿಸುವುದೇ, ನುಗ್ಗಬೇಕಿತ್ತು ಎನ್ನುತ್ತಿದ್ದರು. ನನಗೆ ಎಲ್ಲಿಲ್ಲದ ಹುರುಪು ಬಂತು. ಎದೆಯುಬ್ಬಿಸಿ ನಿಂತು, ಅಳತೆ ಮೀರದೆ ಹೊಡೆಯುವುದು ಹೇಗೆ, ಹೊಡೆದು ನಿಲ್ಲಿಸುವುದು ಯಾಕೆ, ಮಾತೂ ಒಂದು ತೋಪು ಹೇಗೆ ಎಂದು ಕಾಕಾನ ದನಿಯಲ್ಲೇ ಗುಡುಗಿದೆ. ಸೈನಿಕರು ಕಷ್ಟದ ದಾರಿಯನ್ನೇ ಹಿಡಿಯಬೇಕಾಗುತ್ತದೆ, ದೇಶ ಅಂದರೆ ಅದು ಎಂದೆ. ಹುಡುಗರು ಮೊಬೈಲು ಕೆಳಗಿಟ್ಟು ಕೇಳಿದರು. ನನಗೆ ಬಹಳ ಹೆಮ್ಮೆಯಾಯಿತು.

ಗಲ್ಲಾದ ಹಿಂದೆ ಚಿಗವ್ವ ಕೂತಿದ್ದಳು. ಕಣ್ಣು ಮಂಜಾಗಿದೆ, ದನಿಯಿಂದಲೇ ನನ್ನನ್ನು ಗುರುತಿಸುತ್ತಾಳೆ.

“ನಿನ್ನ ಮನಿಯಿಂದ ಯಾರ ಹೋಗ್ಯಾರಪಾ ಅಲ್ಲಿ?” ಎಂದು ಕೇಳಿದಳು.

ಯಾರೂ ಹೋಗಿಲ್ಲ ಚಿಗವ್ವ ಎಂದೆ.

“ನಿಮ್ಮ ಕಾಕಾ ಇದನ್ನ ಮಾತಾಡುವಾಗ ಅವರ ಮಗ ಗುಡ್ಡದ ಮ್ಯಾಲ ಇದ್ದ.”

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಮಗನಿಗೆ ನನಗೊಂದು ಪ್ಲೇಟು ಕೊಡಲು ಕೈಸನ್ನೆ ಮಾಡಿದಳು. ನಾನು ಬೆಂಚಿನ ಮೇಲೆ ಕೂತೆ. ಕಾಕಾ ಇದ್ದಿದ್ದರೆ ನನ್ನ ಪರವಾಗಿ ಒಂದು ಮಾತು ಆಡುತ್ತಿದ್ದರೇನೋ… ಇಲ್ಲ, ಆಡುತ್ತಿರಲಿಲ್ಲ. ಅವರ ಮಾತುಗಳೆಲ್ಲ ನನ್ನ ಬಳಿ ಇದ್ದವು, ಒಂದೂ ತಪ್ಪದೆ ಆಡಿದ್ದೆ, ಮತ್ತು ಅವರು ಸತ್ತುಹೋಗಿದ್ದಾರೆ ಎಂಬುದು ಅಂದೇ ನನಗೆ ಪೂರ್ತಿ ತಿಳಿಯಿತು.